ತಾರೀಕು ಬರೆಯುವ ಕ್ರಮ: ಯಂತ್ರವು ಅದನ್ನು ಓದುವ ಬಗೆ

ಕೃಷಿಕನ ಲೆಕ್ಕದಲ್ಲಿ ತಾರೀಕಿಗೆ ದೊಡ್ಡ ಬೆಲೆಯಿದೆ. ಅಡಿಕೆಗೆ ಮದ್ದು ಬಿಟ್ಟ ದಿನ, ಸೊಸೈಟಿ ಸಾಲದ ವಾಯಿದೆ, ದನ ಕರು ಹಾಕಿದ ದಿನ, ತೀರ್ವೆ ಕಟ್ಟಿದ ದಿನ, ಇವೆಲ್ಲ ಹಿಂದೆ ನೋಟುಪುಸ್ತಕದಲ್ಲಿ ಇರುತ್ತಿದ್ದುವು. ಈಗ ಮೊಬೈಲಿಗೂ ಗಣಕಯಂತ್ರಕ್ಕೂ ಹೋಗಿವೆ. ಪುಸ್ತಕವನ್ನು ಓದುತ್ತಿದ್ದವನು ಮನುಷ್ಯ; ಸಂಶಯ ಬಂದರೆ ಕೇಳುತ್ತಿದ್ದ. ಯಂತ್ರವು ಅನೇಕ ಸಲ ಕೇಳುವುದಿಲ್ಲ, ತನಗೆ ತೋಚಿದಂತೆ ಓದಿಬಿಡುತ್ತದೆ. ಆದುದರಿಂದ ಅದು ಓದುವ ಕ್ರಮವನ್ನು ನಾವು ತಿಳಿದಿರುವುದು ಒಳ್ಳೆಯದು.

ಯಂತ್ರದ ಓದು

ಯಂತ್ರದೊಳಗೆ ತಿಂಗಳೂ ಇಲ್ಲ, ವಾರವೂ ಇಲ್ಲ. ಇರುವುದು ಬರೇ ಎಣಿಕೆ. ಹೆಚ್ಚಿನ ಗಣಕಯಂತ್ರಗಳು 1970ನೇ ಇಸವಿ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ. ಲೆಕ್ಕದ ಪಟ್ಟಿ ಮಾಡುವ ಎಕ್ಸೆಲ್, 1900ನೇ ಇಸವಿ ಜನವರಿ 1ನ್ನು ಒಂದನೆಯ ದಿನವೆಂದು ಹಿಡಿದು ದಿನಗಳನ್ನು ಎಣಿಸುತ್ತದೆ. ನಾವು ಬರೆದುದನ್ನು ಈ ಎಣಿಕೆಗೆ ತಿರುಗಿಸುವುದೇ ಅದರ ಓದು.

ಅದಕ್ಕಾಗಿ ಅದು ಬರಹವನ್ನು ಗೀಟು, ಚುಕ್ಕಿಗಳಿರುವಲ್ಲಿ ತುಂಡು ಮಾಡುತ್ತದೆ. ನಾಲ್ಕು ಅಂಕೆಯ ತುಂಡು ಇಸವಿ. ಅಕ್ಷರವಿದ್ದರೆ ತಿಂಗಳ ಹೆಸರು. 12ಕ್ಕಿಂತ ದೊಡ್ಡದು, 31ನ್ನು ಮೀರದ್ದು ದಿನ. ಇಷ್ಟರಲ್ಲೂ ತೀರ್ಮಾನವಾಗದಿದ್ದರೆ, ಆ ಯಂತ್ರಕ್ಕೆ ಯಾವ ದೇಶದ ಪದ್ಧತಿಯನ್ನು ಹೇಳಿಕೊಟ್ಟಿದೆಯೋ ಅದರಂತೆ ನಡೆಯುತ್ತದೆ. ನಮ್ಮಲ್ಲಿ ಮೊದಲು ದಿನ, ಮತ್ತೆ ತಿಂಗಳು. ಅಮೇರಿಕದಲ್ಲಿ ಮೊದಲು ತಿಂಗಳು, ಮತ್ತೆ ದಿನ. ತೊಡಕು ಹುಟ್ಟುವುದು ಇಲ್ಲಿಯೇ.

ನಮ್ಮ ಊರಿನ ಎರಡು ತಾರೀಕುಗಳನ್ನೇ ತೆಗೆದುಕೊಳ್ಳಿ. ಕಾಸರಗೋಡು ಜಿಲ್ಲೆ ಆದದ್ದು 24-5-1984ರಂದು. ಇಪ್ಪತ್ತನಾಲ್ಕನೆಯ ತಿಂಗಳೆಂಬುದು ಇಲ್ಲವಾದುದರಿಂದ ಇದನ್ನು ಬೇರೆ ದಿನವೆಂದು ಓದಲು ಬರುವುದಿಲ್ಲ. ಆದರೆ ನಮ್ಮ ತಾಲೂಕು ಕೇರಳಕ್ಕೆ ಸೇರಿದ 1-11-1956ನ್ನು ಅಮೇರಿಕದ ಪದ್ಧತಿಯ ಯಂತ್ರ ಜನವರಿ 11 ಎಂದು ಓದುತ್ತದೆ. ಆ ದಿನ ನಾವು ಇನ್ನೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇದ್ದೆವು!

ಪ್ರತಿ ತಿಂಗಳ ಮೊದಲ 12 ದಿನಗಳು ಈ ಅಪಾಯದವು. ವರ್ಷಕ್ಕೆ ಹನ್ನೆರಡು ಹನ್ನೆರಡಲ 144. ಅದರಲ್ಲಿ 5-5, 6-6ರಂತೆ ಎರಡು ಅಂಕೆಯೂ ಒಂದೇ ಆಗಿರುವ 12ನ್ನು ಕಳೆದರೆ 132 ದಿನ. ಎಂದರೆ ವರ್ಷದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು.

ತೋಟಕ್ಕೆ ಆಗುವ ನಷ್ಟ

ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪರಣೆಯಾಗಿ 40-45 ದಿನಕ್ಕೆ ಎರಡನೆಯದು ಆಗಬೇಕು. ಮೊದಲನೆಯದನ್ನು ಜೂನ್ 5ಕ್ಕೆ ಮುಗಿಸಿ ಮೊಬೈಲಿನಲ್ಲಿ 5-6 ಎಂದು ಬರೆದಿರೆನ್ನಿ. ಸರಿಯಾಗಿ ಓದಿದರೆ ಅದು ಜುಲೈ 20ಕ್ಕೆ ನೆನಪಿಸುತ್ತದೆ. ಮೇ 6 ಎಂದು ಓದಿದರೆ ಜೂನ್ 20ಕ್ಕೇ ನೆನಪಿಸುತ್ತದೆ. ಮದ್ದೂ ಮಜೂರಿಯೂ ದಂಡ. ಮೇ 6ಕ್ಕೆ ಬರೆದ 6-5ನ್ನು ಜೂನ್ 5 ಎಂದು ಓದಿದರೆ ಇನ್ನೂ ಕಷ್ಟ. ಒಂದು ತಿಂಗಳು ತಡವಾಗಿ, ಆಟಿಯ ಮಳೆಯಲ್ಲಿ ಕಾಯಿ ಉದುರಲು ತೊಡಗಿದ ಮೇಲೆ ನೆನಪು ಬಂದು ಪ್ರಯೋಜನವಿಲ್ಲ.

ತಾರೀಕು ಅಲ್ಲದ್ದು ತಾರೀಕಾಗುವುದು

ಜಾಗದ ಸರ್ವೆ ನಂಬ್ರ 12/3 ಎಂದು ಎಕ್ಸೆಲ್ ಪಟ್ಟಿಯಲ್ಲಿ ಬರೆದು ನೋಡಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಮಾರ್ಚ್ 12 ಆಗುತ್ತದೆ. 145/2 ಮಾತ್ರ ಇದ್ದಂತೆಯೇ ಉಳಿಯುತ್ತದೆ. ಅದು ಯಾವ ತಾರೀಕೂ ಆಗಲಾರದು. ಹೀಗೆ ಒಂದೇ ಪಟ್ಟಿಯಲ್ಲಿ ಅರ್ಧ ನಂಬ್ರ, ಅರ್ಧ ತಾರೀಕು. ಮತ್ತೆ ಅದನ್ನು ಅಂಕೆಗೆ ತಿರುಗಿಸಹೋದರೆ, 2024ರಲ್ಲಿ ಬರೆದದ್ದಾದರೆ, 45363 ಎಂದು ತೋರಿಸೀತು. ಅದು ದಿನಗಳ ಎಣಿಕೆ, ನಿಮ್ಮ ಜಾಗದ ನಂಬ್ರವಲ್ಲ. ಆ ಕಲಂ ಬರೇ ಅಕ್ಷರಕ್ಕೆಂದು ಮೊದಲೇ ಗೊತ್ತುಮಾಡಬೇಕು, ಇಲ್ಲವೆ ನಂಬ್ರದ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಬೇಕು.

ಇದು ಹಳ್ಳಿಯವರ ಅಜ್ಞಾನವೆಂದು ಯಾರೂ ನಗಬೇಕಾಗಿಲ್ಲ. ವಂಶವಾಹಿಗಳಲ್ಲಿ 'ಮಾರ್ಚ್ 1', 'ಸೆಪ್ಟ್ 1' ಎಂಬ ಹೆಸರಿನವು ಇದ್ದುವು. ವಿಜ್ಞಾನಿಗಳ ಪಟ್ಟಿಗಳಲ್ಲಿ ಇವೂ ತಾರೀಕುಗಳಾಗಿ ಹೋದುವು. ಕೊನೆಗೆ 2020ರ ಹೊತ್ತಿಗೆ ಆ ವಂಶವಾಹಿಗಳ ಹೆಸರನ್ನೇ ಬದಲಿಸಬೇಕಾಯಿತು.

ಹಳೆಯ ಆಧಾರಗಳಲ್ಲಿಯೂ ಜಾಗ್ರತೆ ಬೇಕು. 1928ರ ಆಧಾರವನ್ನು ಬರೇ '28' ಎಂದು ಬರೆದರೆ ಎಕ್ಸೆಲ್ ಅದನ್ನು 2028 ಮಾಡುತ್ತದೆ. 1900ಕ್ಕೆ ಹಿಂದಿನದನ್ನಂತೂ ತಾರೀಕೆಂದೇ ಒಪ್ಪುವುದಿಲ್ಲ.

ಗಂಟೆಯ ವಿಷಯ

ಸಂಜೆ 5-30 ಎಂದು ನಾವು ಬರೆಯುವುದು ವಾಡಿಕೆ. ಯಂತ್ರಕ್ಕೆ ಅದು ಮೇ 30 ಆಗಬಹುದು, 5.30 ಎಂದರೆ ಐದು ಮತ್ತು ದಶಾಂಶ ಮೂರು. ಇಟ್ಟಿ ಚುಕ್ಕಿ ಹಾಕಿ 17:30 ಎಂದರೆ ಸಂಶಯವಿಲ್ಲ. 'ತಾ. 14 ರಾತ್ರಿ ಹನ್ನೆರಡೂಕಾಲರ ರೈಲು' ಎಂದು ನಾವು ಹೇಳುವುದಕ್ಕೆ ಟಿಕೇಟಿನಲ್ಲಿ 15ನೇ ತಾರೀಕು 00:15 ಎಂದಿರುತ್ತದೆ. ಇದನ್ನು ಗಮನಿಸದಿದ್ದರೆ ರೈಲು ಹೋಗಿ ಒಂದು ದಿನವಾದ ಮೇಲೆ ಸ್ಟೇಶನಿಗೆ ಹೋದಂತಾದೀತು.

ನಮ್ಮ ಗಂಟೆ ಗ್ರೀನ್‌ವಿಚ್ ಗಂಟೆಗಿಂತ ಐದೂವರೆ ತಾಸು ಮುಂದೆ. ದುಬಾಯಿಗಿಂತ ಒಂದೂವರೆ ತಾಸು. ಬರೇ ತಾರೀಕು ಕೊಟ್ಟರೆ ಕೆಲವು ಯಂತ್ರಗಳು ನಡುರಾತ್ರಿ 00:00 ಎಂದು ಸೇರಿಸಿಕೊಂಡು, ಗ್ರೀನ್‌ವಿಚ್ ಗಂಟೆಗೆ ತಿರುಗಿಸಿ ಇಡುತ್ತವೆ. ಆಗ ಅದು ಹಿಂದಿನ ದಿನದ 18:30. ಜನ್ಮದಿನ ಒಂದು ದಿನ ಹಿಂದೆ ಬೀಳುವುದಕ್ಕೆ ಇದೂ ಒಂದು ಕಾರಣ.

ನಮ್ಮ ಪಂಚಾಂಗಗಳು

'ಪತ್ತನಾಜೆ ಕಳೆದ ಮೇಲೆ' ಎಂದರೆ ನಮ್ಮವರಿಗೆಲ್ಲ ಅರ್ಥವಾಗುತ್ತದೆ: ಬೇಶದ 10, ಸುಮಾರು ಮೇ 24. ತುಳುವರ ಸೋಣವೂ ಮಲಯಾಳದ ಚಿಂಗವೂ ಒಂದೇ ಸೌರಮಾಸ. ಸಂಕ್ರಮಣದ ಲೆಕ್ಕ ಕಲಿಸದ ಯಂತ್ರಕ್ಕೆ ಇವು ತಿಳಿಯವು. ಕೊಲ್ಲವರ್ಷ 1200ರ ಚಿಂಗ 1 ಬಂದದ್ದು 2024ನೇ ಇಸವಿ ಆಗೋಸ್ತು 17ಕ್ಕೆ. ಚಿಂಗದಿಂದ ದಶಂಬರದವರೆಗೆ 824, ಜನವರಿಯ ಮೇಲೆ 825 ಕೂಡಿಸಿದರೆ ಇಸವಿ ದೊರೆಯುತ್ತದೆ. ಬರೇ 1200 ಎಂದು ಕೊಟ್ಟರೆ ಯಂತ್ರ ಎಂಟುನೂರು ವರ್ಷ ಹಿಂದಕ್ಕೆ ಹೋದೀತು. 'ನಾಳೆ', 'ನಾಡಿದ್ದು' ಎಂಬ ಮಾತುಗಳಿಗೂ ಬರೆದ ದಿನ ಗೊತ್ತಿಲ್ಲದೆ ಅರ್ಥವಿಲ್ಲ.

ಪಾಲಿಸಬೇಕಾದ ಕ್ರಮ

1. ಕಾಗದದಲ್ಲಿ ತಿಂಗಳನ್ನು ಹೆಸರಿನಿಂದ ಬರೆಯಿರಿ: 5 ಜೂನ್ 2024.

2. ಯಂತ್ರದಲ್ಲಿ ಇಸವಿ, ತಿಂಗಳು, ದಿನ ಎಂಬ ಕ್ರಮವಿರಲಿ: 2024-06-05. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1988ರಲ್ಲಿ ತನ್ನ 8601ನೇ ನಂಬ್ರದ ಮಾನಕದಲ್ಲಿ ಗೊತ್ತುಪಡಿಸಿದ ಕ್ರಮವಿದು. ಹೀಗೆ ಬರೆದ ಪಟ್ಟಿಯನ್ನು ಅಂಕೆಯ ಕ್ರಮದಲ್ಲಿ ಜೋಡಿಸಿದರೆ ಕಾಲಕ್ರಮದಲ್ಲಿಯೇ ನಿಲ್ಲುತ್ತದೆ.

3. ಇಸವಿಗೆ ನಾಲ್ಕು ಅಂಕೆ, ಗಂಟೆಗೆ 24ರ ಲೆಕ್ಕ.

4. ಯಂತ್ರಕ್ಕೆ ಕೊಟ್ಟ ಮೇಲೆ ಅದು ತಿಂಗಳ ಹೆಸರನ್ನು ಏನೆಂದು ತೋರಿಸುತ್ತದೆಂದು ಒಮ್ಮೆ ನೋಡಿ, ಬಳಿಕವೇ ಮುಂದುವರಿಯಿರಿ.

ಅಭ್ಯಾಸಕ್ಕೆ: (1) 8-9-2023ಕ್ಕೆ ಎಷ್ಟು ಅರ್ಥ? (2) 7-7-2024ಕ್ಕೆ ಅಪಾಯವಿಲ್ಲವೇಕೆ? (3) ನಿಮ್ಮ ಮನೆಯ ತೀರ್ವೆ ರಶೀದಿಯ ತಾರೀಕನ್ನು ಮೇಲಿನ ಎರಡನೆಯ ಕ್ರಮದಲ್ಲಿ ಬರೆಯಿರಿ. ಮನೆಯ ಮಕ್ಕಳನ್ನೂ ಕೂಡಿಸಿಕೊಂಡು ಮಾಡಿರಿ; ಮೊಬೈಲಿನಲ್ಲಿ ಅವರ ಕೈ ನಮಗಿಂತ ಚುರುಕು, ತೋಟದ ಲೆಕ್ಕ ನಮಗೆ ಹೆಚ್ಚು ಗೊತ್ತು. ಎರಡೂ ಸೇರಿದರೆ ಲೆಕ್ಕ ನೇರವಾಗುವುದು.