ಹತ್ತನೇ ಕಾಲಮ್ಮಿನಿಂದ ಶುರು ಮಾಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ನನ್ನ ಬಳಿ ಬರುವ ಕೇಸುಗಳಲ್ಲಿ ಹೆಚ್ಚಿನವು ಹೊಲದವು. ಕಕ್ಷಿದಾರರು ಕಥೆ ಶುರು ಮಾಡುವ ಮುಂಚೆಯೇ ಕಾಗದ ಕೇಳುತ್ತೇನೆ. ಹಾಗೆ ಕೇಳಿ ಕೇಳಿ ಕಲಿತದ್ದಿಷ್ಟು.

1. ಪಹಣಿ ಪುರಾವೆ, ಮೂಲಪತ್ರವಲ್ಲ

“ಪಾಣಿಯಾಗ ನನ್ನ ಹೆಸರೈತ್ರಿ” ಎನ್ನುತ್ತ ಒಂಬತ್ತನೇ ಕಾಲಮ್ಮಿಗೆ ಬೆರಳಿಡುತ್ತಾರೆ. ನನ್ನ ಕಣ್ಣು ಪಕ್ಕದ ಹತ್ತನೆಯದಕ್ಕೆ ಹೋಗುತ್ತದೆ. ಆ ಹೆಸರು ಹೇಗೆ ಬಂತು, ಕ್ರಯವೋ, ಪೌತಿಯೋ, ವಿಭಾಗವೋ, ಅಲ್ಲಿರುತ್ತದೆ. ಜೊತೆಗೆ ಮ್ಯುಟೇಶನ್ ನಂಬರು. ಹನ್ನೊಂದರಲ್ಲಿ ಸಾಲ, ಹನ್ನೆರಡರಲ್ಲಿ ಸಾಗುವಳಿದಾರ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದನ್ನು ಕೋರ್ಟು ನಿಜವೆಂದೇ ಹಿಡಿಯುತ್ತದೆ, ಯಾರಾದರೂ ಸುಳ್ಳೆಂದು ತೋರಿಸುವವರೆಗೆ. ಹಕ್ಕು ಹುಟ್ಟುವುದು ಮಾತ್ರ ಕ್ರಯಪತ್ರ, ವಿಭಾಗ, ವಾರಸುದಾರಿಕೆಯಿಂದ. ಅಣ್ಣನ ಹೆಸರಿಗೆ ಪೌತಿ ಖಾತೆ ಆದಮಾತ್ರಕ್ಕೆ ತಮ್ಮನ ಪಾಲು ಎಲ್ಲಿಗೂ ಹೋಗುವುದಿಲ್ಲ.

2. ಮದುವೆ ಖರ್ಚು ಪಾಲಿಗೆ ವಜಾ ಆಗುವುದಿಲ್ಲ

“ಬಂಗಾರ ಹಾಕಿ ಮದುವಿ ಮಾಡೀವ್ರಿ ಸರ್, ಇನ್ನೆಂಥಾ ಪಾಲು?” ಅಣ್ಣತಮ್ಮಂದಿರ ಈ ಪ್ರಶ್ನೆಗೆ ಕಾನೂನು ಯಾವತ್ತೋ ಉತ್ತರ ಕೊಟ್ಟಿದೆ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆಯಿತು. ಅಂದು ತಂದೆ ಬದುಕಿರಬೇಕಿತ್ತೇ ಎಂಬ ತಕರಾರನ್ನು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು: ಬೇಕಿಲ್ಲ, ಪಾಲು ಹುಟ್ಟಿನಿಂದಲೇ ಬಂದದ್ದು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಡಿಕ್ರಿಯಿಂದಲೋ ಆದ ವಿಭಾಗವನ್ನು ಮಾತ್ರ ಕೆದಕಲಾಗದು. “ಬಾಯಿಮಾತಿನಾಗ ಹಂಚಿಕೊಂಡಿದ್ವಿ” ಎನ್ನುವವರು ಆ ಕಾಲದ ಸರ್ಕಾರಿ ದಾಖಲೆ ತೋರಿಸಬೇಕು. ಅಕ್ಕ ಛಾಪಾ ಕಾಗದದ ಮೇಲೆ ಹಾಕಿದ ಹೆಬ್ಬೆಟ್ಟೂ ಸಾಲದು. ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು.

ಅಪ್ಪನ ಸ್ವಯಾರ್ಜಿತದ ಲೆಕ್ಕ ಬೇರೆ. ಅದನ್ನು ಆತ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮ.

3. ಸ್ಟೇ ಬಂದರೆ ಕೇಸು ಗೆದ್ದಂತಲ್ಲ

ತಾತ್ಕಾಲಿಕ ತಡೆಯಾಜ್ಞೆ ಕೊಡುವಾಗ ನ್ಯಾಯಾಧೀಶರು ಮೂರು ಸಂಗತಿ ನೋಡುತ್ತಾರೆ: ಮೇಲ್ನೋಟಕ್ಕೆ ಕೇಸಿದೆಯೇ, ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆ ನಷ್ಟವನ್ನು ಆಮೇಲೆ ದುಡ್ಡಿನಲ್ಲಿ ತುಂಬಬಹುದೇ. ಹಕ್ಕು ಯಾರದೆಂಬುದು ಸಾಕ್ಷಿ, ಪಾಟೀಸವಾಲು ಎಲ್ಲ ಮುಗಿದ ಮೇಲಿನ ಮಾತು. ಊರಲ್ಲಿ ಪಟಾಕಿ ಹೊಡೆಯುವವರಿಗೆ ಇದನ್ನು ಹೇಳಿ ಸಾಕಾಗಿದೆ.

4. ಸಮನ್ಸಿಗೆ ಬೆನ್ನು ಹಾಕಬೇಡಿ

ಅಮೀನ ತಂದ ಸಮನ್ಸು ಬೇಡವೆಂದರೂ ಜಾರಿಯಾದಂತೆಯೇ. ಮನೆಗೆ ಬೀಗ ಹಾಕಿ ಗುಳೆ ಹೋದವರ ಬಾಗಿಲಿಗೆ ಅಂಟಿಸಿಯೂ ಹೋಗಬಹುದು. ಆಮೇಲೆ ಏಕಪಕ್ಷೀಯ ಡಿಕ್ರಿ. ಅದನ್ನು ರದ್ದು ಮಾಡಿಸಲು 30 ದಿನ. ಸಮನ್ಸು ಸರಿಯಾಗಿ ಮುಟ್ಟಿಲ್ಲದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ ಎಣಿಕೆ.

5. 12 ವರ್ಷ ಉತ್ತಮಾತ್ರಕ್ಕೆ ಹೊಲ ನಿಮ್ಮದಾಗುವುದಿಲ್ಲ

ಪ್ರತಿಕೂಲ ಸ್ವಾಧೀನಕ್ಕೆ ಮಾಲೀಕನಿಗೆ ಎದುರಾಗಿ, ಅವನಿಗೆ ತಿಳಿಯುವಂತೆ, ಬಿಡದೆ 12 ವರ್ಷ ಅನುಭವಿಸಿರಬೇಕು. ಸರ್ಕಾರಿ ಜಮೀನಿಗಾದರೆ 30. ಪಾಲಿಗೆ ಮಾಡಿದವನು, ಒಡಹುಟ್ಟಿದವರ ಪಾಲನ್ನೂ ಸೇರಿಸಿ ಉಳುತ್ತ ಬಂದ ಅಣ್ಣ, ಇಬ್ಬರೂ ಒಪ್ಪಿಗೆಯ ಮೇಲೆ ಇರುವವರು. ಕೈಸಾಲದ ಪ್ರೋನೋಟಿನ ಮೇಲೆ ದಾವೆ ಹಾಕುವ ಗಡುವು ಮಾತ್ರ ಮೂರೇ ವರ್ಷ. ಅಷ್ಟರೊಳಗೆ ಒಂದು ಕಂತು ಕಟ್ಟಿ ಸಹಿ ಹಾಕಿದ್ದರೆ ಆ ತಾರೀಖಿನಿಂದ ಮತ್ತೆ ಮೂರು.

6. ಜಿಲ್ಲೆ ಬದಲಾದರೆ ಪತ್ರ ಸಾಯುವುದಿಲ್ಲ

ನಮ್ಮ ಸೀಮೆಗೇ ವಿಶೇಷವಾದ ಗಾಬರಿ ಇದು. ಮುತ್ತಾತನ ಪತ್ರ 1953ಕ್ಕೆ ಮುಂಚಿನದಾದರೆ ಅದರಲ್ಲಿ ನಾವು ಮದ್ರಾಸ್ ಪ್ರಾಂತ್ಯದವರು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ತಿರುಗಿ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕೊಟ್ಟೂರಿನ ಹಳೆಯ ಪತ್ರಗಳಲ್ಲಿ ಕೂಡ್ಲಿಗಿ ತಾಲ್ಲೂಕು ಎಂದಿರುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ತಾಳೆಯಾದರೆ ಸಾಕು. ನಕಲು ಹುಡುಕಲು ಎರಡು ಊರು ತಿರುಗಬೇಕಾದೀತು, ಅಷ್ಟೆ.

7. ರಾಜಿ ಕಾಗದ ಪೂರ್ತಿ ಓದಿಸಿಕೊಳ್ಳಿ

ಲೋಕ ಅದಾಲತ್ತಿನ ತೀರ್ಪು ಡಿಕ್ರಿಗೆ ಸಮ, ಕೋರ್ಟು ಶುಲ್ಕವೂ ವಾಪಸು, ಆದರೆ ಅಪೀಲು ಇಲ್ಲ. ವಕೀಲರಿಗೆ ದುಡ್ಡಿಲ್ಲವೆಂದು ಅವಸರದ ರಾಜಿಗೆ ಒಪ್ಪುವವರಲ್ಲಿ ಹೆಂಗಸರೇ ಜಾಸ್ತಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕೊಡಬೇಕು.