ಸಿಗ್ನಲ್‌ನಲ್ಲಿ ನಿಂತ ಗಾಡಿ ಮತ್ತು ಮೋರ್ಸ್ ಟೆಸ್ಟ್

ಸಂಜೆ ಆರು ಗಂಟೆ. ಜಾಲಹಳ್ಳಿ ಕ್ರಾಸ್ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡದೆ ನಿಂತಿದ್ದೀರಿ. ಪೆಟ್ರೋಲ್ ಉರೀತಾ ಇದೆ, ಚಕ್ರ ತಿರುಗ್ತಾ ಇಲ್ಲ. ಆ ಶಕ್ತಿ ಎಲ್ಲಿ ಹೋಯ್ತು?

ಬಹುಪಾಲು ಬಿಸಿಯಾಗಿ ಹೊರಗೆ ಹೋಯ್ತು. ಪಿಸ್ಟನ್ ಮೇಲೆ ಸಿಕ್ಕ ಅಷ್ಟಿಷ್ಟು ಕೆಲಸವೂ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳೋದಕ್ಕೆ ಮುಗಿಯಿತು. ರಿಂಗ್, ಬೇರಿಂಗ್, ವಾಲ್ವ್‌ಗಳ ಘರ್ಷಣೆ, ಗಾಳಿ ಎಳೆದುಕೊಳ್ಳುವ ಶ್ರಮ, ಇವೆಲ್ಲ ಸೇರಿ ಫ್ರಿಕ್ಷನ್ ಪವರ್, ಅಂದರೆ ಎಫ್‌ಪಿ. ಸಿಲಿಂಡರ್‌ನೊಳಗೆ ಹುಟ್ಟುವುದು ಐಪಿ, ಶಾಫ್ಟ್‌ನಲ್ಲಿ ಸಿಗುವುದು ಬಿಪಿ.

ಐಪಿ = ಬಿಪಿ + ಎಫ್‌ಪಿ

ಬಿಪಿಯನ್ನು ಡೈನಮೋಮೀಟರ್ ತೋರಿಸುತ್ತೆ. ಎಫ್‌ಪಿ ಕಣ್ಣಿಗೆ ಕಾಣಲ್ಲ. ಅದನ್ನು ಹಿಡಿಯೋದು ಹೇಗೆ?

ಉಪಾಯದ ಸುಳಿವು ಹಳೇ ಕಾರುಗಳಲ್ಲೇ ಇದೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ನೋಡಿ. ನಾಲ್ಕು ಸಿಲಿಂಡರ್, 2.9 ಲೀಟರ್ ಎಂಜಿನ್, ಬರೀ 20 ಅಶ್ವಶಕ್ತಿ! ಒಂದೊಂದು ಸಿಲಿಂಡರ್‌ಗೂ ಒಂದೊಂದು ಕಾಯಿಲ್, ಅದರ ಮೇಲೆ ಗುಂಯ್‌ಗುಡುವ ಪಟ್ಟಿ. ಎಂಜಿನ್ ಓಡುವಾಗ ಆ ಪಟ್ಟಿಯನ್ನು ಬೆರಳಲ್ಲಿ ಒತ್ತಿದರೆ ಆ ಸಿಲಿಂಡರ್‌ನ ಕಿಡಿ ನಿಲ್ಲುತ್ತಿತ್ತು. ಶಬ್ದದಲ್ಲಿ ವ್ಯತ್ಯಾಸ ಬರದಿದ್ದರೆ, ಅದೇ ಸೋಮಾರಿ ಸಿಲಿಂಡರ್.

ನಮ್ಮ ಲ್ಯಾಬಿನ ಮೋರ್ಸ್ ಟೆಸ್ಟ್ ಮಾಡೋದೂ ಇದನ್ನೇ. ಕಿವಿಯ ಬದಲು ಅಂಕಿ, ಅಷ್ಟೇ. ಒಂದು ಸಿಲಿಂಡರ್ ಕಟ್ ಮಾಡಿ, ವೇಗ ಇಳಿಯುತ್ತೆ. ಥ್ರಾಟಲ್ ಮುಟ್ಟದೆ ಲೋಡ್ ಇಳಿಸಿ ಮೊದಲಿನ ವೇಗಕ್ಕೆ ತನ್ನಿ. ಬಿಪಿ ಎಷ್ಟು ಕಮ್ಮಿಯಾಯ್ತೋ ಅದೇ ಆ ಸಿಲಿಂಡರ್‌ನ ಐಪಿ. ಏಕೆಂದರೆ ಅದರ ಘರ್ಷಣೆ ಹಾಗೇ ಉಳಿದಿದೆ ಅಂತ ಊಹಿಸಿದ್ದೇವೆ.

ಉದಾಹರಣೆಗೆ, ನಾಲ್ಕೂ ಸಿಲಿಂಡರ್ ಓಡುವಾಗ ಬಿಪಿ 12 ಕಿಲೋವ್ಯಾಟ್ ಅನ್ನಿ. ಒಂದೊಂದಾಗಿ ಕಟ್ ಮಾಡಿದಾಗ 8.2, 8.1, 8.3, 8.2.

ಐಪಿ = 3.8 + 3.9 + 3.7 + 3.8 = 15.2
ಎಫ್‌ಪಿ = 15.2 − 12 = 3.2
ಯಾಂತ್ರಿಕ ದಕ್ಷತೆ = 12 ÷ 15.2 = ಶೇ. 79

ಈಗ ಮುಖ್ಯ ವಿಷಯ. ಅದೇ ವೇಗದಲ್ಲಿ ಲೋಡ್ 3 ಕಿಲೋವ್ಯಾಟ್‌ಗೆ ಇಳಿದರೂ ಎಫ್‌ಪಿ ಇಳಿಯಲ್ಲ. 3.2 ಅಂತಲೇ ಹಿಡಿದರೂ ದಕ್ಷತೆ 3 ÷ 6.2, ಅಂದರೆ ಶೇ. 48. ಥ್ರಾಟಲ್ ಮುಚ್ಚಿದಷ್ಟೂ ಗಾಳಿ ಎಳೆಯುವ ಶ್ರಮ ಹೆಚ್ಚೋದರಿಂದ ನಿಜದಲ್ಲಿ ಇನ್ನೂ ಕಮ್ಮಿ. ಸಿಗ್ನಲ್‌ನಲ್ಲಿ ಬಿಪಿ ಸೊನ್ನೆ, ದಕ್ಷತೆಯೂ ಸೊನ್ನೆ. ದೊಡ್ಡ ಎಂಜಿನ್ನನ್ನು ಆಮೆ ವೇಗದಲ್ಲಿ ಓಡಿಸಿದರೆ ಮೈಲೇಜ್ ಬೀಳೋದು ಇದಕ್ಕೇ.

ವೈವಾದಲ್ಲಿ ಕೇಳಬಹುದಾದ ಪ್ರಶ್ನೆ: ನಿಮ್ಮ ಸಿಂಗಲ್ ಸಿಲಿಂಡರ್ ಬೈಕಿಗೆ ಮೋರ್ಸ್ ಟೆಸ್ಟ್ ಯಾಕೆ ಆಗಲ್ಲ? ಇರೋ ಒಂದನ್ನೇ ಕಟ್ ಮಾಡಿದರೆ ಓಡಿಸೋರು ಯಾರು! ಸಿಗ್ನಲ್‌ನಲ್ಲಿ ಮಾತ್ರ ಧಾರಾಳವಾಗಿ ಕಟ್ ಮಾಡಿ. ಪೆಟ್ರೋಲ್ ಉಳಿಯುತ್ತೆ.