ನಾಡಿ ಹಿಡಿಯದೆ ಕಲಿತದ್ದು

ದನ-ಎಮ್ಮೆಗಳ ಡಾಕ್ಟರಾದ ನನಗೆ ಕೈಯೇ ಕಣ್ಣು. ಎಡಪಕ್ಕೆಗೆ ಮುಷ್ಟಿ ಒತ್ತಿದರೆ ಹೊಟ್ಟೆಯ ಸಮಾಚಾರ ಅರ್ಧ ತಿಳಿದುಹೋಗುತ್ತದೆ. ಇಂಥವನು ನೀರಿನ ಪ್ರಾಣಿಗಳ ವೈದ್ಯ ಕಲಿಯಲು ಫ್ಲಾರಿಡಾ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿಗೆ ಸೇರಿದೆ. ಅಲ್ಲಿ ಸಂಜೆ ಏಳಾದಾಗ ಇಲ್ಲಿ ಚಳಿಗಾಲದ ಬೆಳಗಿನ ಜಾವ ಐದೂವರೆ. ಮುಟ್ಟಲಾಗದ ಪ್ರಾಣಿಯ ವೈದ್ಯ ಎಂಥದ್ದು ಎಂಬ ಅನುಮಾನ ಇದ್ದೇ ಇತ್ತು. ಆದರೆ ನೀರಲ್ಲೇ ಹುಲ್ಲು ಮೇಯುವ ಭಾರಿ ಸಸ್ತನಿ ಮ್ಯಾನಟಿಯ ವಿಚಾರದಲ್ಲಿ ಅಲ್ಲಿನ ವೈದ್ಯರೂ ಮೊದಲು ದೋಣಿಯಲ್ಲಿ ನಿಂತು ನೋಡುವವರೇ.

ಮ್ಯಾನಟಿ ಒಂದು ಮಗ್ಗುಲಿಗೆ ವಾಲಿ ತೇಲುತ್ತಿದ್ದರೆ ಸುಖವಾಗಿ ಮಲಗಿದಂತೆ ಕಾಣುತ್ತದೆ. ಹಾಗಲ್ಲ. ಅದರ ಶ್ವಾಸಕೋಶಗಳು ಬೆನ್ನಿನುದ್ದಕ್ಕೂ ಚಾಚಿಕೊಂಡಿವೆ. ಎರಡು ಬದಿಗೂ ಬೇರೆ ಬೇರೆ ವಪೆ. ಪಕ್ಕೆಲುಬುಗಳಲ್ಲಿ ಮಜ್ಜೆಯ ಟೊಳ್ಳಿಲ್ಲ, ಗಟ್ಟಿ, ಭಾರ. ದೋಣಿ ಬಡಿದು ಎಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದರೆ ಆ ಬದಿಯ ಎದೆಗೂಡಿನಲ್ಲಿ ಗಾಳಿ ತುಂಬುತ್ತದೆ, ಆ ಬದಿ ಮೇಲೇಳುತ್ತದೆ. ಪ್ರಾಣಿಗೆ ಮುಳುಗಲಾಗದು, ಮುಳುಗದಿದ್ದರೆ ಮೇವಿಲ್ಲ. ವಾಲಿದ ರೀತಿಯೇ ಅರ್ಧ ರೋಗನಿರ್ಣಯ.

ಮೈ ತುಂಬಿದ್ದನ್ನು ಕೊಬ್ಬು ಅಂದುಕೊಳ್ಳಬಾರದು ಎಂಬುದು ಇನ್ನೊಂದು ಪಾಠ. ಅದರಲ್ಲಿ ಬಹುಪಾಲು ಕರುಳು. ಕುದುರೆಯ ಹಾಗೆ ಹಿಂಗರುಳಲ್ಲಿ ಮೇವನ್ನು ಹುದುಗಿಸಿ ಅರಗಿಸಿಕೊಳ್ಳುವ ಜೀವ ಅದು. ಮೈಯೊಳಗಿನ ಬೆಂಕಿ ಮಂದ. ನೀರು ಬಹಳ ದಿನ 20 ಡಿಗ್ರಿಗಿಂತ ಕೆಳಗಿದ್ದರೆ ಕರುಳು ನಿಲ್ಲುತ್ತದೆ, ಚರ್ಮ ಹುಣ್ಣಾಗುತ್ತದೆ, ಸೋಂಕು ಹತ್ತುತ್ತದೆ. ಅದಕ್ಕೇ ಚಳಿಗಾಲದಲ್ಲಿ ಬೆಚ್ಚನೆಯ ಬುಗ್ಗೆಗಳಿಗೋ ವಿದ್ಯುತ್ ಸ್ಥಾವರಗಳು ಬಿಡುವ ಬಿಸಿನೀರಿಗೋ ಗುಂಪುಗೂಡುತ್ತವೆ.

2021ರಲ್ಲಿ ಫ್ಲಾರಿಡಾದಲ್ಲಿ ಸುಮಾರು 1,100 ಮ್ಯಾನಟಿಗಳು ಸತ್ತವು. ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಕೊಳಚೆ, ಗೊಬ್ಬರ ಸೇರಿ ಪಾಚಿ ಕೊಬ್ಬಿತ್ತು. ಬಿಸಿಲು ಕಾಣದೆ ಕಡಲಹುಲ್ಲು ನಾಶವಾಗಿತ್ತು. ಬೆಚ್ಚನೆಯ ನೀರಿತ್ತು, ಹುಲ್ಲಿರಲಿಲ್ಲ. ಹುಲ್ಲು ಹುಡುಕಿ ಹೋದರೆ ಚಳಿ. ಶವಪರೀಕ್ಷೆಯ ಚಿತ್ರಗಳಲ್ಲಿ ತಲೆಯ ಹಿಂದೆ ತಗ್ಗು ಬಿದ್ದು ಹೊಟ್ಟೆ ಒಳಸೇರಿದ ದೇಹಗಳು. ಇದಕ್ಕೆ ಯಾವ ಇಂಜೆಕ್ಷನ್ ಕೊಡುವುದು?

2021-22ರ ಚಳಿಗಾಲದಲ್ಲಿ ಕೇಪ್ ಕೆನವೆರಲ್ ಬಳಿಯ ವಿದ್ಯುತ್ ಸ್ಥಾವರದ ಹತ್ತಿರ ಸರ್ಕಾರವೇ ಸುಮಾರು 90 ಟನ್ ಲೆಟ್ಯೂಸ್ ಸೊಪ್ಪು ಹಾಕಿತು. ಕಾಡುಪ್ರಾಣಿಗೆ ತಿನಿಸು ಕೊಡಬಾರದೆಂದು ಸಹಪಾಠಿಗಳಲ್ಲಿ ಜೋರು ವಾದ. ನಾನು ಬರಗಾಲದ ಮೇವು ಬ್ಯಾಂಕುಗಳಲ್ಲಿ ದುಡಿದವನು. ಹಾಕಿದ್ದೇ ಸರಿ ಅಂದೆ. ಮೇವು ಬ್ಯಾಂಕ್ ತೆರೆದರೆ ಮಳೆ ಬಂದಂತಾಗುವುದಿಲ್ಲ, ಆದರೆ ಮಳೆ ಬರುವವರೆಗೆ ದನ ಬದುಕಿರಬೇಕಲ್ಲ? ಎರಡು ಚಳಿಗಾಲ ಹಾಕಿ ನಿಲ್ಲಿಸಿದರು. ಹುಲ್ಲು ನೆಡುವುದು, ಕೊಳಚೆ ತಡೆಯುವುದು ಇನ್ನೂ ನಡೆದಿದೆ; ಅದಕ್ಕೆ ವರ್ಷಗಳೇ ಬೇಕು.

ಕೋರ್ಸಿನ ಕೊನೆಯ ವರದಿಯನ್ನು ನಾನು ಬರೆದದ್ದು ಮ್ಯಾನಟಿಯ ಬಳಗದ ಡ್ಯುಗಾಂಗ್ ಬಗ್ಗೆ. ತಮಿಳುನಾಡು ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿಲೋಮೀಟರನ್ನು ಅದಕ್ಕಾಗಿ ಮೀಸಲಿಟ್ಟಿದೆ. ಅದೂ ಕಡಲಹುಲ್ಲನ್ನೇ ನಂಬಿದ ಪ್ರಾಣಿ. ವರದಿಯ ಮೊದಲ ಪುಟಗಳೆಲ್ಲ ನೀರು, ಹುಲ್ಲು, ಮೀನುಗಾರರ ಬಲೆಗಳ ಮೇಲೆ. ಪ್ರಾಣಿಯ ರೋಗಗಳು ಕಡೆಯ ಪುಟದಲ್ಲಿವೆ.